ಹಿತ್ತಲ ದೋಣಿ

ಅಳಿಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಕೈ ತೊಳೆಯಲು ನಲ್ಲಿಯ ಕಡೆ ಹೋದದ್ದೇ ತಡ, ಚೆಕಿಂಗ್ ಸಾಹೇಬರು ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಡಬ್ಬಿ ತುಂಬಿದ್ದರೆ ಸದ್ದಾಗಬಾರದು, ಸದ್ದಾದರೆ ದಾರಿಯಲ್ಲಿ ಯಾರಿಗೋ ಅರ್ಧ ಬಗ್ಗಿಸಿ ಕೊಟ್ಟು ಬಂದಿದ್ದಾನೆ ಎಂಬುದು ಅವರ ಲೆಕ್ಕ. ಸದ್ದಾಯಿತೋ ಇಲ್ಲವೋ ಸರಿಯಾಗಿ ಗೊತ್ತಾಗಲಿಲ್ಲ. ಮುಚ್ಚಳದ ಅಂಚಿನಲ್ಲಿ ಮೀಟಿದ ಗುರುತಿದೆಯೇ ಎಂದು ನೋಡಿದರು. ಇತ್ತು. ಅದು ಅಂಗಡಿಯವನದೂ ಇರಬಹುದು, ಆದರೆ ಹಾಗೆ ಯೋಚಿಸುವ ಅಭ್ಯಾಸ ಅವರಿಗಿರಲಿಲ್ಲ.

"ಪೇಂಟ್ ರಿಮೂವರ್ ಮಾವ," ಎಂದ ಅಳಿಯ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ. "ಕೈಗೆ ತಾಗಿದರೆ ಉರಿಯುತ್ತೆ. ಕೆಳಗಿಡಿ."

ಸಾಹೇಬರು, ಕಟ್ಟೆಯ ಧೂಳು ಒರೆಸಲೆಂದೇ ಡಬ್ಬಿ ಎತ್ತಿದವರ ಹಾಗೆ, ಅಲ್ಲೊಂದು ಸಲ ಅಂಗೈ ಆಡಿಸಿ ಅದನ್ನು ಇದ್ದ ಜಾಗದಲ್ಲೇ ಇಟ್ಟರು.

ಅರ್ಧ ಆಯುಷ್ಯವನ್ನು ಅವರು ಬಸ್ಸುಗಳನ್ನು ನಡುದಾರಿಯಲ್ಲಿ ನಿಲ್ಲಿಸಿ, ಹತ್ತಿ, ಟಿಕೆಟ್ ಇಲ್ಲದವರನ್ನು ಹಿಡಿದು ಇಳಿಸುವ ಕೆಲಸದಲ್ಲಿ ಕಳೆದಿದ್ದರು. ನಿವೃತ್ತರಾದಾಗ ಇಲಾಖೆ ಅವರ ಸಮವಸ್ತ್ರವನ್ನೂ ಚರ್ಮದ ಚೀಲವನ್ನೂ ವಾಪಸು ಪಡೆದುಕೊಂಡಿತು, ಆ ಕಣ್ಣನ್ನು ಮಾತ್ರ ಅವರ ಹತ್ತಿರವೇ ಬಿಟ್ಟಿತು. ಕಿಟಕಿಯಾಚೆ ಅತಿ ಆಸಕ್ತಿಯಿಂದ ನೋಡುವವನು, ಬಾಯಿ ಬಿಗಿದುಕೊಂಡು ನಿದ್ದೆ ಮಾಡುವವನು, ಕೇಳುವ ಮೊದಲೇ ಜೇಬು ತಡಕುವವನು, ಇವರ್ಯಾರನ್ನೂ ನಂಬಬಾರದು ಎಂದು ಅವರು ಕಲಿತಿದ್ದರು. ಹಾಲಿನವನ ಅಳತೆ, ಪೇಪರಿನವನ ಬಿಲ್ಲು, ಪಕ್ಕದ ಮನೆಯವರ ನಮಸ್ಕಾರ, ಎಲ್ಲದರಲ್ಲೂ ಏನೋ ಒಂದು ಮಸಲತ್ತು ಅವರಿಗೆ ಕಾಣುತ್ತಿತ್ತು. ಮದುವೆಯಾದ ಹೊಸದರಲ್ಲಿ ತಾನು ನಕ್ಕರೂ ಯಾಕೆ ನಕ್ಕೆ ಅಂತ ವಿಚಾರಣೆ ಮಾಡುತ್ತಿದ್ದರು ಎಂದು ಅವರ ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ, ಅಂದರೆ ಅಳಿಯನ ವಿಷಯದಲ್ಲಿ, ಆ ಕಣ್ಣು ಕೈಕೊಟ್ಟಿತ್ತು. ಸಾಹೇಬರಿಗೆ ಹೊಟ್ಟೆಯೊಳಗೆ ಉರಿಯುತ್ತಿದ್ದದ್ದು ಅದೇ.

ಅಳಿಯ ಬಸ್ಸುಗಳಿಗೆ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ಪೇಂಟರ್ ಆಗಿದ್ದ. ಒಳ್ಳೆಯ ಹುಡುಗ, ಕುಡಿತವಿಲ್ಲ, ಮಾತು ಕಡಿಮೆ ಎಂದು ಸಾಹೇಬರೇ ನಾಲ್ಕು ಕಡೆ ವಿಚಾರಿಸಿ ಮಗಳನ್ನು ಕೊಟ್ಟಿದ್ದರು. ಆ ವರ್ಕ್‌ಶಾಪ್ ಒಂದು ದಿನ ಮುಚ್ಚಿತು. ಅಳಿಯ ಅದನ್ನು ಮನೆಯಲ್ಲಿ ಹೇಳಲಿಲ್ಲ. ದಿನಾ ಬೆಳಿಗ್ಗೆ ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದ, ಸಂಜೆ ಖಾಲಿ ಡಬ್ಬಿ ತರುತ್ತಿದ್ದ. ಒಂದು ದಿನ ಡಬ್ಬಿ ಮರೆತು ಹೋದ. ಬಿಸಿ ಆರುವ ಮುಂಚೆ ಕೊಟ್ಟು ಬರೋಣವೆಂದು ಮಗಳು ಎರಡು ಬಸ್ಸು ಬದಲಾಯಿಸಿ ಹೋದರೆ, ಗೇಟಿಗೆ ಬೀಗ. ಆ ಬೀಗಕ್ಕೆ ತುಕ್ಕು ಹಿಡಿದಿತ್ತು. ಅವಳು ಡಬ್ಬಿಯನ್ನು ಅಲ್ಲೇ ಗೇಟಿನ ಕಂಬಿಗೆ ಸಿಕ್ಕಿಸಿ ಸೀದಾ ತವರಿಗೆ ಬಂದಳು.

"ಕೆಲಸ ಹೋಯ್ತು ಅಂತ ಬಂದಿದ್ದಲ್ಲ ಅಮ್ಮ," ಎಂದಿದ್ದಳು ತಾಯಿಯ ಹತ್ತಿರ. "ಕೆಲಸ ಯಾರಿಗೆ ಹೋಗಲ್ಲ. ದಿನಾ ಸಂಜೆ ಬಂದು, ಇವತ್ತು ಫೋರ್‌ಮನ್ ಹಿಂಗಂದ, ವೆಲ್ಡರ್ ಹಂಗೆ ನಗಿಸಿದ ಅಂತ ಕಥೆ ಹೇಳ್ತಿದ್ರು. ನಾನು ನಗ್ತಿದ್ದೆ."

ಈ ಮಾತು ಬಾಗಿಲ ಹಿಂದೆ ನಿಂತಿದ್ದ ಸಾಹೇಬರ ಕಿವಿಗೂ ಬಿತ್ತು. ಮಗಳು ಇನ್ನು ಅವನ ಹತ್ತಿರ ಹೋಗಕೂಡದು ಎಂದು ಅವರು ಆವತ್ತೇ ತೀರ್ಮಾನ ಕೊಟ್ಟುಬಿಟ್ಟಿದ್ದರು. ಆದರೆ ಒಂದಷ್ಟು ದಿನದ ಮೇಲೆ ಅಳಿಯ ಗೇಟಿನ ಹತ್ತಿರ ಬಂದು ನಿಂತು, ಒಳಗೆ ಬರಲೇ ಎಂದೂ ಕೇಳದೆ, ಹಿತ್ತಲಿನಲ್ಲಿ ಬಿದ್ದಿರುವ ದೋಣಿಯನ್ನು ತನಗೆ ಕೊಟ್ಟರೆ ಕೆರೆದು ಬಣ್ಣ ಹೊಡೆದು ನೀರಿಗಿಳಿಸುವ ಹಾಗೆ ಮಾಡುತ್ತೇನೆ ಎಂದ. ಸಾಹೇಬರು ಬಾಯಿ ತೆರೆಯುವ ಮುಂಚೆ ಮಗಳೇ ಮಾತಾಡಿದಳು. ಮಾಡಲಿ, ಕಣ್ಣೆದುರಿಗೆ ಆಗುವ ಕೆಲಸ, ಮಾಡಿ ಮುಗಿಸಿದರೆ ಮುಂದಿನದ್ದು ನೋಡೋಣ ಎಂದಳು. ಹೊಲಿಗೆ ಅಂಗಡಿಯಲ್ಲಿ ಅವಳಿಗೆ ಬರುತ್ತಿದ್ದುದರಲ್ಲೇ ಸಾಮಾನು ತರಬೇಕು, ಯಾರ ಹತ್ತಿರವೂ ಸಾಲ ಕೇಳಬಾರದು ಎಂದೂ ಸೇರಿಸಿದಳು. ಹೀಗೆ ಅಳಿಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡ. ಅವಳ ಸಂಸಾರ ಆ ದೋಣಿಯ ಮೇಲೆ ನಿಂತಿತು.

ದೋಣಿಯೇನು ಮಹಾ ದೋಣಿಯಲ್ಲ. ಅಣೆಕಟ್ಟಿನವರು ಹಳೆ ಸಾಮಾನು ಹರಾಜು ಹಾಕಿದಾಗ, ಉಳಿದವರೆಲ್ಲ ಕೂಗುವುದನ್ನು ನಿಲ್ಲಿಸಿದ್ದನ್ನು ಗಮನಿಸದೆ ಸಾಹೇಬರು ಮತ್ತೊಂದು ಸಲ ಕೈಯೆತ್ತಿ ತಂದಿದ್ದ ಅಲ್ಯೂಮಿನಿಯಂ ದೋಣಿ ಅದು. ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇನೆ ಎಂದಿದ್ದರು. ನೀರಿಗಿಳಿಸಿದ್ದು ಒಂದೇ ಸಲ. ಆವತ್ತು ಮೈಯೆಲ್ಲ ಒದ್ದೆಯಾಗಿ ಮನೆಗೆ ಬಂದವರು ಏನಾಯಿತು ಎಂದು ಯಾರಿಗೂ ಕೇಳಲು ಬಿಡಲಿಲ್ಲ. ಆಮೇಲೆ ಅದು ಹಿತ್ತಲಿನಲ್ಲಿ ಬೋರಲು ಮಲಗಿ, ಕೆಳಗೆ ಪಕ್ಕದ ಮನೆಯ ಕೋಳಿಗಳಿಗೆ ಮೊಟ್ಟೆ ಇಡುವ ಜಾಗವಾಯಿತು, ಮೇಲೆ ಹೆಂಡತಿಗೆ ಕಂಬಳಿ ಒಣಗಿಸುವ ಜಾಗವಾಯಿತು. ಅಣೆಕಟ್ಟಿನವರು ಹಳೆ ಬಣ್ಣ ತೆಗೆಯುವ ಗೋಜಿಗೆ ಹೋಗದೆ ಪ್ರತಿಸಲವೂ ಅದರ ಮೇಲೇ ಹೊಸದು ಬಳಿದಿದ್ದರಿಂದ, ಬಣ್ಣ ಬೆರಳ ಉಗುರಿನಷ್ಟು ದಪ್ಪಗೆ ಕೂತಿತ್ತು.

ಅಳಿಯ ಆ ಬಣ್ಣವನ್ನು ತೆಗೆಯುವ ರೀತಿ ನೋಡಿ ಸಾಹೇಬರಿಗೆ ತಾಳ್ಮೆ ತಪ್ಪುತ್ತಿತ್ತು. ಅಂಗೈಯಗಲ ಜಾಗಕ್ಕೆ ರಿಮೂವರ್ ಹಚ್ಚುವುದು, ಹಳೆ ಪ್ಲಾಸ್ಟಿಕ್ ಚೀಲ ಮುಚ್ಚುವುದು, ಕಾಯುವುದು, ಬಣ್ಣ ಸುಕ್ಕುಗಟ್ಟಿದ ಮೇಲೆ ಮೆಲ್ಲಗೆ ಎಬ್ಬಿಸುವುದು. ಎಬ್ಬಿಸಲು ಅಂಗಡಿಯ ಸಾಮಾನಿಲ್ಲ. ಮುರಿದ ಮಂಚದ ಕಾಲನ್ನು ಕೆತ್ತಿ ಮಾಡಿಕೊಂಡ ಮರದ ಉಳಿಗಳಿದ್ದವು. ಕಬ್ಬಿಣದ ಬ್ರಷ್ ಮುಟ್ಟಿಸುತ್ತಿರಲಿಲ್ಲ. ಅದರ ಚೂರು ತಗಡಿನಲ್ಲಿ ಉಳಿದರೆ ಅಲ್ಲೇ ಹುಣ್ಣು ಹಿಡಿಯುತ್ತದೆ ಎನ್ನುತ್ತಿದ್ದ. ಬದಲಿಗೆ ಅಡುಗೆಮನೆಯ ಪಾತ್ರೆ ಉಜ್ಜುವ ನೈಲಾನ್ ಜುಂಗುಗಳು ಒಂದೊಂದಾಗಿ ಮಾಯವಾಗತೊಡಗಿದವು. ಹೀಗೇ ಆದರೆ ನಾಳೆ ದೋಣಿಯಲ್ಲೇ ಅನ್ನ ಬಡಿಸುತ್ತೇನೆ, ಅದೊಂದೇ ಈ ಮನೆಯಲ್ಲಿ ತೊಳೆದ ಪಾತ್ರೆ ಎಂದು ಅತ್ತೆ ತಮಾಷೆ ಮಾಡಿದರು. ಬೂದು ಬಣ್ಣದ ಕೆಳಗೆ ಹಸಿರು ಬಂತು, ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಯಾರೋ ತಲೆಕೆಟ್ಟವನು ಬಳಿದಿದ್ದ ಕಿತ್ತಳೆ.

ಸಾಹೇಬರು ದಿನವಿಡೀ ಪೇಪರ್ ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ಕೂತಿರುತ್ತಿದ್ದರು. ಮೊದಲೆಲ್ಲ ಅಳಿಯನನ್ನು ಅವರು ಬಹುವಚನದಲ್ಲಿ ಕರೆಯುತ್ತಿದ್ದರು. ಈಗ ಬಹುವಚನಕ್ಕೆ ಮನಸ್ಸು ಬಾರದು, ಏಕವಚನಕ್ಕೆ ನಾಲಿಗೆ ಬಾರದು. ಹಾಗಾಗಿ ಊಟ ಆಯ್ತಾ, ಎಲ್ಲಿಗೆ ಹೊರಟಿದ್ದು, ಇದನ್ನು ಇಟ್ಟದ್ದು ಯಾರು ಎಂದು, ಯಾರನ್ನೂ ಉದ್ದೇಶಿಸದ ಮಾತುಗಳನ್ನು ಗಾಳಿಗೆ ಬಿಡುತ್ತಿದ್ದರು. ಅಳಿಯ ಪ್ರತಿಯೊಂದಕ್ಕೂ "ಹೌದು ಮಾವ" ಎನ್ನುತ್ತಿದ್ದ. ಇಷ್ಟು ಬೇಗ ಒಪ್ಪಿಕೊಳ್ಳುವವನ ಜೇಬಿನಲ್ಲಿ ಏನೋ ಇರುತ್ತದೆ ಎಂಬುದು ಸಾಹೇಬರ ಅನುಭವ.

ಅವರಿಗೆ ಹೆಚ್ಚು ಭಯ ಹುಟ್ಟಿಸಿದ್ದು ಮಗಳು. ಮೊದಮೊದಲು ಅವಳು ಅಂಗಡಿಯಿಂದ ಬಂದವಳು ಹಿತ್ತಲಿನ ಕಡೆ ಇಣುಕುತ್ತಲೂ ಇರಲಿಲ್ಲ. ಆಮೇಲೆ ಒಂದು ಸಂಜೆ ಕಾಫಿ ಲೋಟ ಹಿಡಿದು ಹೋಗಿ ದೋಣಿಯ ಮೇಲಿಟ್ಟು ಬಂದಳು. ಮತ್ತೊಂದು ಸಂಜೆ ಸಾಹೇಬರು ಕನ್ನಡಕ ಏರಿಸಿ ನೋಡಿದರೆ, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಉಪ್ಪುಕಾಗದದಿಂದ ದೋಣಿಯ ಅಂಚು ಉಜ್ಜುತ್ತಿದ್ದಳು. ಅವನು ಏನೋ ಹೇಳಿದ. ಅವಳು ನಗಲಿಲ್ಲ, ಆದರೆ ಉಜ್ಜುವುದನ್ನು ನಿಲ್ಲಿಸಿ ಕೇಳಿದಳು. ಮತ್ತೆ ಶುರುವಾಯಿತು ಕಥೆ ಹೇಳುವುದು, ಎಂದುಕೊಂಡರು ಸಾಹೇಬರು. ಮೂಗಿಗೆ ತುಪ್ಪ ಸವರುತ್ತಿದ್ದಾನೆ. ಇನ್ನೊಂದು ಸಲ ನಂಬಿ ಮೋಸಹೋದರೆ ಇವಳು ಈ ಜನ್ಮದಲ್ಲಿ ಯಾರನ್ನೂ ನಂಬಲಾರಳು ಎಂದು ಅವರಿಗೆ ದಿಗಿಲಾಯಿತು. ಮಗಳ ಮೇಲೆ ಅವರಿಗೆ ಪ್ರಾಣ. ಅದನ್ನು ಹೇಳಲು ಬಾರದೆ ಕಾವಲು ಕಾಯುತ್ತಿದ್ದರು, ಅಷ್ಟೇ.

ಆಗಲೇ ಬೈಕಿನವನು ಬಂದ. ಮಗಳು ಅಂಗಡಿಗೆ ಹೋಗಿದ್ದ ಹೊತ್ತು. ಕಪ್ಪು ಕನ್ನಡಕದ, ದಪ್ಪ ಕುತ್ತಿಗೆಯ ಆ ಮನುಷ್ಯ ಬೇಲಿ ದಾಟಿ ನೇರ ದೋಣಿಯ ಹತ್ತಿರ ಹೋದ. ಸುತ್ತು ಹಾಕಿದ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ, ಗೇಣು ಹಾಕಿ ಉದ್ದ ಅಳೆದ. ಅಳಿಯ ತಗ್ಗಿದ ದನಿಯಲ್ಲಿ ಮಾತಾಡಿದ. ಕೊನೆಗೆ ಇಬ್ಬರೂ ಕೈ ಕುಲುಕಿದರು. ಸಾಹೇಬರು ಪೇಪರ್ ಮಡಿಸಿ ಬರುವಷ್ಟರಲ್ಲಿ ಬೈಕು ತಿರುವಿನಾಚೆ ಹೋಗಿತ್ತು.

"ಯಾರು ಬಂದಿದ್ದು?"

"ಗೊತ್ತಿರೋರು ಮಾವ," ಎಂದ ಅಳಿಯ, ದೋಣಿಯಿಂದ ಕಣ್ಣೆತ್ತದೆ.

ಸಾಹೇಬರಿಗೆ ಇನ್ನೇನೂ ಬೇಕಿರಲಿಲ್ಲ. ಮಾರುತ್ತಿದ್ದಾನೆ. ಮೆಲ್ಲಗೆ ಕೆರೆಯುವುದೆಲ್ಲ ಒಳ್ಳೆಯ ಗಿರಾಕಿ ಸಿಗುವವರೆಗೆ ಇಲ್ಲಿ ಉಂಡುಕೊಂಡಿರುವ ಉಪಾಯ. ಬಣ್ಣ ಒಣಗುವ ಮುಂಚೆ ದೋಣಿಯೂ ಇರುವುದಿಲ್ಲ, ಇವನೂ ಇರುವುದಿಲ್ಲ. ಹೆಂಡತಿಯ ಹತ್ತಿರ ಹೇಳೋಣವೆಂದರೆ ಅವರು ತಂಗಿಯ ಮನೆಗೆ ಹೊರಟು ನಿಂತಿದ್ದರು. ಚೀಲಕ್ಕೆ ಸೀರೆ ತುಂಬುತ್ತಲೇ ಕೇಳಿಸಿಕೊಂಡು, ಬಂದವನು ದೋಣಿ ಅಳೆದರೆ ಅಳೆಯಲಿ, ನಿಮ್ಮನ್ನು ಅಳೆಯಲಿಲ್ಲವಲ್ಲ ಎಂದು ಹೊರಟೇ ಹೋದರು.

ಆ ಸಂಜೆ ಊಟಕ್ಕೆ ಕೂತಾಗ ಸಾಹೇಬರು, ಮನೆಯ ಗೇಟಿಗೆ ಹಿಂದೊಮ್ಮೆ ಬಣ್ಣ ಹೊಡೆಸಿದ ಸಂಗತಿ ತೆಗೆದರು. ಆ ಪೇಂಟರ್ ಕಾಸ್ಟಿಕ್ ಸೋಡಾ ಕಲಸಿ ಹಚ್ಚಿದ, ಒಂದೇ ಮಧ್ಯಾಹ್ನದಲ್ಲಿ ಹಳೆ ಬಣ್ಣವೆಲ್ಲ ಜಾರಿಹೋಯಿತು, ಖರ್ಚೂ ಇಲ್ಲ, ಡಬ್ಬಿಯ ಮೇಲೆ ಡಬ್ಬಿ ತರುವ ಉಪದ್ವ್ಯಾಪವೂ ಇಲ್ಲ, ಎಂದು ಗೋಡೆಗೆ ಹೇಳಿದರು.

"ಅದು ಕಬ್ಬಿಣ ಮಾವ," ಎಂದ ಅಳಿಯ. "ಅಲ್ಯೂಮಿನಿಯಂಗೆ ಸೋಡಾ ತಾಗಿಸಲೇಬಾರದು. ಬಣ್ಣದ ಜೊತೆ ತಗಡನ್ನೂ ತಿಂದುಬಿಡುತ್ತೆ."

ಮಗಳು ತಲೆಯಾಡಿಸಿದಳು, ಇವನು ಹೇಳಿದರೆ ಸರಿಯೇ ಇರಬೇಕು ಎನ್ನುವ ಹಾಗೆ. ಸಾಹೇಬರಿಗೆ ಚುಚ್ಚಿದ್ದು ಆ ತಲೆಯಾಡಿಸಿದ್ದು. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗಳನ್ನು ದಿನಾ ಸೋಪು ಹಾಕಿ ತಿಕ್ಕುತ್ತಾರೆ, ಅವೇನು ಕರಗಿ ಹೋಗಿವೆಯೇ? ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವನ್ನು ಇವನು ಇಷ್ಟು ದಿನ ಎಳೆದ ಎಂದು ಅವಳ ಕಣ್ಣೆದುರಿಗೇ ತೋರಿಸಬೇಕು. ಬಾಯಲ್ಲಿ ಹೇಳಿದರೆ ಅಪ್ಪನಿಗೆ ಸಂಶಯದ ರೋಗ ಎನ್ನುತ್ತಾಳೆ. ಬಣ್ಣ ಬಿಟ್ಟು ಹೊಳೆಯುವ ದೋಣಿಗೆ ಏನನ್ನುತ್ತಾಳೆ?

ಮಾರನೆಯ ದಿನ ಅಳಿಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸಂಜೆಗೆ ಬರುತ್ತೇನೆ ಎಂದು ಪೇಟೆಗೆ ಹೊರಟ. ಇಸ್ತ್ರಿ ಅಂಗಿ ಯಾಕೆ ಎಂದು ಸಾಹೇಬರು ಕೇಳಲಿಲ್ಲ. ಅವನು ಬೀದಿ ದಾಟಿದ ಮೇಲೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸೋಡಾ ಪೊಟ್ಟಣ ತಂದರು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಬಕೆಟ್ಟಿನಲ್ಲಿ ನೀರಿಗೆ ಸೋಡಾ ಹಾಕಿ, ಜಾರಿಹೋಗದಿರಲೆಂದು ಮೈದಾ ಅಂಟು ಸೇರಿಸಿ ಕದಡಿದರು. ಬಕೆಟ್ಟು ತನ್ನಷ್ಟಕ್ಕೆ ಬಿಸಿಯಾಯಿತು. ಬೋರಲು ಮಲಗಿದ್ದ ದೋಣಿಯ ತಳ ಪೂರ್ತಿ ಹಳೆ ಪೊರಕೆಯಿಂದ ಬಳಿದರು.

ಹಚ್ಚಿದ ಸ್ವಲ್ಪ ಹೊತ್ತಿಗೆ ದೋಣಿ ಸುಯ್ಯೆನ್ನತೊಡಗಿತು. ನೊರೆ ಎದ್ದಿತು, ಮೂಗಿಗೆ ಅಡರುವ ಹಬೆ ಬಂತು, ಬೂದು ಹಸಿರು ನೀಲಿಯೆಲ್ಲ ಒಂದೇ ಕೆನೆಯಾಗಿ ಸುಕ್ಕುಗಟ್ಟಿ ಪಕ್ಕಗಳಿಂದ ಜಾರಿತು. ಸಾಹೇಬರಿಗೆ ಇಷ್ಟು ಸಂತೋಷವಾಗಿ ಎಷ್ಟೋ ಕಾಲವಾಗಿತ್ತು. ಉಳಿದದ್ದನ್ನೂ ಸುರಿದು, ಒದ್ದೆ ಗೋಣಿಚೀಲ ಹೊದಿಸಿ ಒಳಗೆ ಹೋದರು. ತಾವೇ ಕಾಫಿ ಮಾಡಿಕೊಂಡು ಕುಡಿಯುತ್ತಾ, ಮಗಳು ಬಂದಾಗ ಏನು ಹೇಳಬೇಕೆಂದು ಯೋಚಿಸಿದರು. ಏನೂ ಹೇಳಬಾರದು. ಹಿತ್ತಲಿಗೆ ಕರೆದುಕೊಂಡು ಹೋಗಿ ಸುಮ್ಮನೆ ನಿಲ್ಲಿಸಬೇಕು.

ಮತ್ತೆ ಹೋಗಿ ನೋಡಿದಾಗ ಸದ್ದು ನಿಂತಿರಲಿಲ್ಲ. ಬಣ್ಣ ಮುಗಿದರೂ ಅದು ಇನ್ನೂ ಏನನ್ನೋ ತಿನ್ನುತ್ತಿತ್ತು. ಗೋಣಿಚೀಲ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಪೈಪು ತಂದು ನೀರು ಬಿಟ್ಟರು. ನೊರೆ ಹರಿದುಹೋದ ಮೇಲೆ ಕಂಡದ್ದು ಬೆಳ್ಳಿಯಲ್ಲ, ಮಸಿ. ಬಟ್ಟೆಯಿಂದ ಒರೆಸಿದರು. ಮಸಿಯ ಕೆಳಗೆ ತಗಡು ಕಲ್ಲುಪ್ಪಿನಂತೆ ತರಿತರಿಯಾಗಿತ್ತು. ಸಾಹೇಬರು ಮಂಡಿಯೂರಿ, ದೋಣಿಯ ಅಂಚನ್ನು ಒಂದಿಷ್ಟು ಎತ್ತಿ, ಒಳಗೆ ತಲೆ ಹಾಕಿದರು. ಒಳಗೆಲ್ಲ ಕತ್ತಲು. ಆ ಕತ್ತಲಲ್ಲಿ, ತಳದ ಉದ್ದಕ್ಕೂ ಹಾಯ್ದಿದ್ದ ನಡುಗಂಬಿಯ ಪಕ್ಕದ ರಿವೆಟ್ ಸಾಲಿನಲ್ಲಿ, ಸೂಜಿಮೊನೆಯಷ್ಟು ಸಣ್ಣ ಸಣ್ಣ ಬೆಳಕುಗಳು ಕಾಣಿಸಿದವು.

ಆಮೇಲೆ ಎದ್ದು, ಪೊಟ್ಟಣದ ಕಾಗದವನ್ನು ಒಲೆಗೆ ಹಾಕಿದರು, ಬಕೆಟ್ಟು ತೊಳೆದರು, ಅಟ್ಟದ ಮೇಲಿದ್ದ ಟಾರ್ಪಾಲು ತಂದು ದೋಣಿಗೆ ಹೊದಿಸಿದರು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಸಂಜೆ ಮಗಳು ಟಾರ್ಪಾಲು ಯಾಕೆ ಎಂದಾಗ, ಮಳೆ ಬಂದರೂ ಬರಬಹುದು ಎಂದರು. ಅವಳು ಆಕಾಶ ನೋಡಿ, ಅಪ್ಪನನ್ನು ನೋಡಿ, ಒಳಗೆ ಹೋದಳು.

ಕತ್ತಲಾಗುವ ಮುಂಚೆ ಅಳಿಯ ಬಂದ. ಪೇಟೆಯಲ್ಲಿ ಏನೋ ಒಳ್ಳೆಯದಾಗಿರಬೇಕು, ಗೇಟಿನಿಂದ ಬರುವಾಗಲೇ ನಡಿಗೆ ಬೇರೆಯಿತ್ತು. ಅಂಗಿಯನ್ನೂ ಬಿಚ್ಚದೆ ಹಿತ್ತಲಿಗೆ ಹೋದ. ಕಿಟಕಿಯ ಹಿಂದಿನಿಂದ ಸಾಹೇಬರು ನೋಡುತ್ತಿದ್ದರು. ಅವನು ಟಾರ್ಪಾಲಿನ ಮೂಲೆ ಎತ್ತಿದ. ಒಂದು ಬೆರಳನ್ನು ತಗಡಿನ ಮೇಲೆ ಎಳೆದು, ಬೆರಳ ತುದಿ ನೋಡಿಕೊಂಡ. ಚರಂಡಿಯ ಬಾಯಲ್ಲಿ ಉಳಿದಿದ್ದ ಬಿಳಿ ನೊರೆಯನ್ನೂ ನೋಡಿದ. ಮೂಲೆಯನ್ನು ಇದ್ದ ಹಾಗೇ ಇಳಿಬಿಟ್ಟು ನಲ್ಲಿಯ ಹತ್ತಿರ ಹೋಗಿ ತುಂಬ ಹೊತ್ತು ಕೈ ತೊಳೆದ.

ಊಟದಲ್ಲಿ ಅವನು ಏನೂ ಕೇಳಲಿಲ್ಲ. ಸಾಹೇಬರು ಕಾದರು. ಬೈದರೆ ತಿರುಗಿ ಬೈಯಲು, ಕೇಳಿದರೆ ಗೊತ್ತಿಲ್ಲ ಎನ್ನಲು, ಎರಡಕ್ಕೂ ತಯಾರಾಗಿ ಕೂತಿದ್ದರು. ಅವನು ಮಜ್ಜಿಗೆ ಹಾಕಿಸಿಕೊಂಡು ಉಂಡೆದ್ದ. ಹಾಸಿಗೆಗೆ ಹೋದ ಮೇಲೆ ಸಾಹೇಬರಿಗೆ ಅದರ ಅರ್ಥ ಹೊಳೆಯಿತು. ಕೂಡಿಡುತ್ತಿದ್ದಾನೆ. ಈಗ ಹೇಳಿದರೆ ಒಂದು ಜಗಳಕ್ಕೆ ಮುಗಿಯುತ್ತದೆ, ಹೇಳದೆ ಇಟ್ಟುಕೊಂಡರೆ ಜನ್ಮವಿಡೀ ನನ್ನ ಜುಟ್ಟು ಅವನ ಕೈಯಲ್ಲಿ. ಎಂಥ ಕಿಲಾಡಿ ಎಂದುಕೊಂಡರು. ಆದರೂ ಕಣ್ಣು ಮುಚ್ಚಿದರೆ ಸೂಜಿಮೊನೆಯ ಬೆಳಕುಗಳೇ ಕಾಣುತ್ತಿದ್ದವು.

ಬೆಳಿಗ್ಗೆ ನೀರಿನ ಸದ್ದಿಗೆ ಎದ್ದು ಬಂದರು. ಅಳಿಯ ದೋಣಿಯನ್ನು ಮೊಗಚಿ, ಎರಡು ಬೆಂಚುಗಳ ಮೇಲೆ ಕೂರಿಸಿ, ಪೈಪಿನಿಂದ ಅದರೊಳಗೆ ನೀರು ತುಂಬುತ್ತಿದ್ದ. ದೋಣಿಯ ತಳದಿಂದ ಹನಿಗಳು ಬೀಳುತ್ತಿದ್ದವು. ಒಂದು ಕಡೆ ನಿಧಾನಕ್ಕೆ, ಇನ್ನೊಂದು ಕಡೆ ಬಿಡುವಿಲ್ಲದೆ. ನೆಲ ಆಗಲೇ ಕೆಸರಾಗಿತ್ತು. ಅವನು ಕೆಳಗೆ ಕೂತು, ಕೈಯಲ್ಲಿ ಕೆಂಪು ಮೇಣದ ಕಡ್ಡಿ ಹಿಡಿದು, ಸೋರುವ ಜಾಗಕ್ಕೆಲ್ಲ ಸುತ್ತು ಗೆರೆ ಎಳೆಯುತ್ತಿದ್ದ.

ಅಂಗಡಿಗೆ ಹೊರಟ ಮಗಳು ಹೆಗಲಿಗೆ ಚೀಲ ಹಾಕಿಕೊಂಡು ಬಂದವಳು ಅಲ್ಲೇ ನಿಂತಳು. ಏನಾಯಿತು ಎಂದು ಕೇಳಿದಳು. ಅಳಿಯ ಬೆಂಚಿನ ಕೆಳಗಿನಿಂದ ಎದ್ದು ಬಂದ. ಹೇಳಬೇಕಾದ ಇನ್ನೊಂದು ವಿಷಯವಿದೆ ಎಂದು ಮೊದಲು ಅದನ್ನೇ ಹೇಳಿದ. ಹಿನ್ನೀರಿನ ಆಚೆ ದಡದ ಶಾಲೆಗೆ ಜನರನ್ನೂ ಸಾಮಾನನ್ನೂ ದಾಟಿಸುವ ಗುತ್ತಿಗೆ ಹಿಡಿದವರು ಮೊನ್ನೆ ಬಂದು ದೋಣಿ ನೋಡಿ ಹೋಗಿದ್ದರು. ನಿನ್ನೆ ಪೇಟೆಯಲ್ಲಿ ಅವರ ಆಫೀಸಿಗೇ ಹೋಗಿದ್ದ. ದೋಣಿಯನ್ನೂ ಅವನನ್ನೂ ವರ್ಷಪೂರ್ತಿ ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿದ್ದಾರೆ, ಇವತ್ತು ಬೆಳಿಗ್ಗೆ ಕೊನೆಯ ಸಲ ನೋಡಲು ಬರುತ್ತಾರೆ.

"ನನಗೆ ಹೇಳಲಿಲ್ಲ," ಎಂದಳು ಮಗಳು.

"ಖಾತ್ರಿ ಆಗೋ ಮುಂಚೆ ಹೇಳಿ, ಆಮೇಲೆ ಆಗದಿದ್ರೆ ಅದೂ ಕಥೆ ಆಗಿಬಿಡುತ್ತೆ ಅಂತ ಸುಮ್ಮನಿದ್ದೆ."

ಅವಳು ಸೋರುವ ದೋಣಿಯನ್ನು ತೋರಿಸಿದಳು. "ಇದು?"

ಅಳಿಯ ಒಮ್ಮೆ ಬಾಗಿಲ ಕಡೆ ನೋಡಿದ. ಸಾಹೇಬರು ಅಲ್ಲಿ ಬನಿಯನ್ನಿನಲ್ಲಿ ನಿಂತಿದ್ದರು. ಬಂತು, ಎಂದುಕೊಂಡರು. ಕೂಡಿಟ್ಟದ್ದನ್ನು ಈಗ ತೆಗೆಯುತ್ತಾನೆ.

"ಸೋಡಾ ಹಾಕಿಬಿಟ್ಟೆ," ಎಂದ ಅಳಿಯ. "ನಿನ್ನೆ ಹೊರಡೋ ಮುಂಚೆ. ಬೇಗ ಮುಗೀಲಿ ಅಂತ."

"ಹಾಕಬಾರದು ಅಂತ ನೀವೇ ಅಪ್ಪನಿಗೆ ಹೇಳಿದ್ರಲ್ಲ."

"ಹೇಳಿದ್ದೆ. ಗೊತ್ತಿದ್ದೂ ಹಾಕಿದೆ. ದುಡುಕಿದೆ."

ಅವನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಕಣ್ಣು ಅತ್ತಿತ್ತ ಹೋಗಲಿಲ್ಲ, ದನಿ ತಡವರಿಸಲಿಲ್ಲ. ಇಷ್ಟು ಚೆನ್ನಾಗಿ ಸುಳ್ಳು ಹೇಳುವವನನ್ನು ಸಾಹೇಬರು ತಮ್ಮ ಜೀವಮಾನದಲ್ಲಿ ನೋಡಿರಲಿಲ್ಲ. ಮಗಳು ಅದನ್ನು ನಂಬಿದಳು. ನಂಬಿದ್ದು ಅವಳ ಮುಖದಲ್ಲಿ ಕಾಣುತ್ತಿತ್ತು. ಇಷ್ಟು ದಿನ ಸಂಜೆ ಸಂಜೆ ಒಂದಿಷ್ಟು ಸಡಿಲಾಗುತ್ತಾ ಬಂದಿದ್ದ ಮುಖ, ತುಕ್ಕು ಹಿಡಿದ ಬೀಗ ನೋಡಿ ಬಂದ ದಿನದ ಮುಖವಾಯಿತು. ಮಾಡಿ ಮುಗಿಸಿದರೆ ಮುಂದಿನದ್ದು ನೋಡೋಣ ಎಂದಿದ್ದವಳು, ಮುಂದೆ ನೋಡುವುದಕ್ಕೆ ಏನೂ ಉಳಿದಿಲ್ಲ ಎಂಬಂತೆ ಚೀಲದ ಪಟ್ಟಿಯನ್ನು ಸರಿಮಾಡಿಕೊಂಡಳು.

"ಸರಿ," ಎಂದಳು. "ನನಗೆ ಹೊತ್ತಾಯ್ತು."

ಸಾಹೇಬರಿಗೆ ಬೇಕಾಗಿದ್ದೆಲ್ಲ ಆಗಿತ್ತು. ಅಳಿಯನ ಬಣ್ಣ ಬಯಲಾಗಿತ್ತು, ಮಗಳು ಕಣ್ಣಾರೆ ನೋಡಿದ್ದಳು, ಯಾರೂ ಅವರ ಕಡೆ ಬೆರಳು ತೋರಿಸಿರಲಿಲ್ಲ. ಇನ್ನು ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಅವಳು ಗೇಟು ದಾಟುತ್ತಿದ್ದಳು. ಅವನು ಯಾಕೆ ಹೀಗೆ ಮಾಡಿದ, ಇದರ ಹಿಂದೆ ಏನಿದೆ ಎಂದು ಅವರು ಅಭ್ಯಾಸಬಲದಿಂದ ಹುಡುಕಿದರು. ಎಲ್ಲಿ ಹುಡುಕಿದರೂ ಏನೂ ಸಿಗಲಿಲ್ಲ. ಅವನು ತಿರುಗಿ ದೋಣಿಯ ಕೆಳಗೆ ಕೂತು ಕಡ್ಡಿ ಕೈಗೆತ್ತಿಕೊಂಡಿದ್ದ. ತಮಗೋಸ್ಕರ ಯಾರಾದರೂ ಏನನ್ನಾದರೂ ಮೈಮೇಲೆ ಹಾಕಿಕೊಂಡದ್ದು ಅವರಿಗೆ ನೆನಪಿರಲಿಲ್ಲ. ಸಾಹೇಬರಿಗೆ ನಾಚಿಕೆಯಾಯಿತು, ಮೈ ಬೆವರುವಷ್ಟು ನಾಚಿಕೆ.

"ಅವರು ಹೇಳ್ತಿರೋದು ಸುಳ್ಳು," ಎಂದರು.

ಮಗಳು ತಿರುಗಲೂ ಇಲ್ಲ. "ಗೊತ್ತಪ್ಪ," ಎಂದಳು ದಣಿದ ದನಿಯಲ್ಲಿ. "ಮೊದಲಿನಿಂದ ನೀವು ಅದನ್ನೇ ಹೇಳ್ತಿದ್ದೀರಿ. ನಾನೇ ಕೇಳಲಿಲ್ಲ."

"ಅದಲ್ಲ," ಎಂದರು ಸಾಹೇಬರು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. "ಸೋಡಾ ಹಾಕಿದ್ದು ನಾನು."

ಪೈಪಿನಿಂದ ನೀರು ಹರಿಯುತ್ತಲೇ ಇತ್ತು. ಯಾರೂ ನಲ್ಲಿ ನಿಲ್ಲಿಸಲಿಲ್ಲ. ಮಗಳು ತಿರುಗಿ ನಿಂತು ಅಪ್ಪನನ್ನು ನೋಡಿದಳು. ಟಾರ್ಪಾಲು ಬೇಲಿಯ ಮೇಲೆ ಮಡಿಸಿಟ್ಟಿತ್ತು, ಅದನ್ನೂ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಸಾಹೇಬರಿಗೆ ಅನ್ನಿಸಿತು. ಅವಳು ಗಂಡನ ಹತ್ತಿರ ಹೋಗಿ, ಕೆಸರಿನಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ನನ್ನ ಹತ್ರ ಇನ್ನು ಸುಳ್ಳು ಹೇಳಬೇಡಿ," ಎಂದಳು. "ಅಪ್ಪನಿಗೋಸ್ಕರಾನೂ ಬೇಡ. ಯಾರಿಗೋಸ್ಕರಾನೂ ಬೇಡ."

ಅವನು ತಲೆ ತಗ್ಗಿಸಿದ. ಅವಳ ಕಣ್ಣು ತುಂಬಿತ್ತು. ಮುಖ ಒರೆಸಿಕೊಂಡು, ಇದು ಸರಿಹೋಗುತ್ತದೆಯೇ ಎಂದು ಕೇಳಿದಳು. ತಗಡು ಅಲ್ಲಲ್ಲಿ ಮೊದಲೇ ಸವೆದಿತ್ತು, ಆ ಜಾಗಗಳೇ ಹೋಗಿವೆ, ಒಳಗಿನಿಂದ ತೇಪೆ ಕೂರಿಸಿ ರಿವೆಟ್ ಹೊಡೆಯಬಹುದೇನೋ, ಆದರೆ ಮೊದಲು ಎಷ್ಟಿವೆ ಎಂದು ಗೊತ್ತಾಗಬೇಕು, ನೋಡಲು ಬರುವವರು ಏನನ್ನುತ್ತಾರೋ ಗೊತ್ತಿಲ್ಲ ಎಂದ ಅವನು. ಅವರು ಬರುವುದರೊಳಗೆ ನೀರು ಚೆಲ್ಲಿ ಮತ್ತೆ ಬೋರಲು ಹಾಕಿ ಟಾರ್ಪಾಲು ಹೊದಿಸಿದರೆ ಇವತ್ತಿನ ಮಟ್ಟಿಗೆ ಏನೂ ಕಾಣುವುದಿಲ್ಲ ಎಂದೂ ಹೇಳಿದ. ಹೇಳಿ ಅವಳ ಮುಖ ನೋಡಿದ.

"ಬೇಡ," ಎಂದಳು ಅವಳು, ಚೀಲವನ್ನು ಹೆಗಲಿಂದ ತೆಗೆದು ಕಟ್ಟೆಯ ಮೇಲೆ ಎಸೆಯುತ್ತಾ.

ಸಾಹೇಬರು ಮೆಟ್ಟಿಲಿಳಿದು ಬಂದರು. ದೋಣಿಯ ಅಂಚು ಹಿಡಿದು ನಿಂತರು. ಆಮೇಲೆ ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ಒದ್ದೆ ನೆಲದ ಮೇಲೆ ಅಂಗಾತ ಮಲಗಿ, ಎರಡು ಬೆಂಚುಗಳ ನಡುವೆ ದೋಣಿಯ ಅಡಿಗೆ ಸರಿದರು. ಅಳಿಯ ಕೆಂಪು ಕಡ್ಡಿಯನ್ನು ಅವರ ಕೈಗೆ ಕೊಟ್ಟ. ನಡುಗಂಬಿಯ ಪಕ್ಕದಲ್ಲಿ ಅವರ ಮುಖದ ನೇರಕ್ಕೆ ಒಂದು ಹನಿ ತುಂಬಿಕೊಳ್ಳುತ್ತಿತ್ತು. ಅದು ಹಣೆಯ ಮೇಲೆ ಬಿತ್ತು, ಮತ್ತೊಂದು ತುಂಬಿಕೊಂಡಿತು.

"ಅಲ್ಲೊಂದಿದೆ ಅಪ್ಪ," ಎಂದಳು ಮಗಳು. "ಎಡಗಡೆ."

ಬೇಲಿಯಾಚೆ ಬೈಕು ಬಂದು ನಿಂತ ಸದ್ದಾಯಿತು. ಸಾಹೇಬರು ಕಡ್ಡಿಯನ್ನು ಎಡಕ್ಕೆ ಸರಿಸಿ, ಆ ಹನಿಯ ಸುತ್ತ ದಪ್ಪಗೆ ಒಂದು ಗೆರೆ ಎಳೆದರು.